ಪಿಂಚಣಿ ಭಿಕ್ಷೆಯಲ್ಲ, ದುಡಿದವಳ ಹಕ್ಕು

(ಸ್ವಸಹಾಯ ಸಂಘಗಳ ಸದಸ್ಯೆಯರಿಗಾಗಿ ನಡೆದ ಕಾನೂನು ಮಾಹಿತಿ ಶಿಬಿರದಲ್ಲಿ, ಪಿಂಚಣಿ ಪ್ರಕರಣಗಳನ್ನು ನಡೆಸುವ ವಕೀಲೆಯೊಬ್ಬರು ಮಾಡಿದ ಭಾಷಣದ ಬರಹರೂಪ)



ವಕೀಲರು ಅಂದ ಕೂಡಲೇ ಜನರಿಗೆ ನೆನಪಾಗುವುದು ಜಾಗದ ತಕರಾರು, ಗಂಡ ಹೆಂಡತಿ ಜಗಳ, ಪೊಲೀಸ್ ಕೇಸು. ನಾನು ಮಾಡುವುದು ಬೇರೆ ಕೆಲಸ. ಪಿಂಚಣಿ ಸಿಗದವರ, ಅರ್ಧ ಸಿಕ್ಕಿದವರ, ಸಿಗುತ್ತಿದ್ದದ್ದು ನಿಂತುಹೋದವರ ಕಾಗದಪತ್ರ ನೋಡಿ ಕೊಡಿಸಲು ಓಡಾಡುವುದು. ನನ್ನ ಮೇಜಿನ ಎದುರು ಬಂದು ಕೂರುವವರಲ್ಲಿ ಹೆಚ್ಚಿನವರು ಹೆಂಗಸರು. ಕಾರಣ ಸರಳ. ನಮ್ಮಲ್ಲಿ ಗಂಡ ವಯಸ್ಸಿನಲ್ಲಿ ದೊಡ್ಡವ, ಮೊದಲು ಹೋಗುವವನೂ ಅವನೇ. ಮತ್ತೆ ಹತ್ತು ಹದಿನೈದು ವರ್ಷ ಒಬ್ಬಳೇ ದಿನ ದೂಡಬೇಕಾದವಳು ಹೆಂಡತಿ. ಆ ವರ್ಷಗಳಲ್ಲಿ ಮದ್ದಿಗೂ ಮಗನ ಕೈ ನೋಡಬೇಕೋ, ಅಥವಾ ತನ್ನದೇ ಸಾವಿರ ರೂಪಾಯಿ ಉಂಟೋ ಎಂಬುದು ಸಣ್ಣ ವಿಷಯ ಅಲ್ಲ.

ಕೋರ್ಟು ಏನು ಹೇಳಿದೆ

ಮೊದಲು ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಪಿಂಚಣಿ ಯಾರೋ ಕರುಣೆಯಿಂದ ಕೊಡುವ ದಾನ ಅಲ್ಲ. ಇದನ್ನು ನಾನು ಹೇಳುವುದಲ್ಲ, ಸುಪ್ರೀಂ ಕೋರ್ಟು 1971ರಲ್ಲೇ ಹೇಳಿದೆ. 1982ರ ಡಿಸೆಂಬರ್ 17ರಂದು ನಕಾರ ಪ್ರಕರಣದಲ್ಲಿ ಇನ್ನೂ ಸ್ಪಷ್ಟವಾಗಿ ಹೇಳಿತು. ಹಿಂದೆ ಮಾಡಿದ ಸೇವೆಗೆ ಸಿಗುವ ಪ್ರತಿಫಲವೇ ಪಿಂಚಣಿ, ಅದು ಧಣಿಯ ಇಷ್ಟಕ್ಕೆ ಬಿಟ್ಟ ವಿಷಯ ಅಲ್ಲ ಎಂದಿತು. ಆ ದಿನವನ್ನು ಈಗಲೂ ಪಿಂಚಣಿದಾರರ ದಿನ ಎಂದು ಆಚರಿಸುತ್ತಾರೆ. 2013ರಲ್ಲಿ ಇನ್ನೊಂದು ತೀರ್ಪಿನಲ್ಲಿ, ಪಿಂಚಣಿ ಎಂಬುದು ಆಸ್ತಿ, ಕಾನೂನಿನ ಆಧಾರ ಇಲ್ಲದೆ ಅದನ್ನು ಕಿತ್ತುಕೊಳ್ಳುವ ಹಾಗಿಲ್ಲ ಎಂದಿತು.

ಹಾಗಾಗಿ ಕಚೇರಿಗೆ ಹೋಗುವಾಗ ಕೈ ಮುಗಿದು ಬಗ್ಗಿ ನಿಲ್ಲುವ ಅಗತ್ಯ ಇಲ್ಲ. ಮರ್ಯಾದೆ ಕೊಟ್ಟು ಮಾತಾಡಿ, ಆದರೆ ನಿಮ್ಮದನ್ನು ಕೇಳುತ್ತಿದ್ದೀರಿ ಎಂಬ ಧೈರ್ಯ ಇರಲಿ.

ಬೀಡಿ ಕಟ್ಟುವವರ ಪಿಂಚಣಿ

ಇಲ್ಲಿ ಕೂತವರಲ್ಲಿ ಬೀಡಿ ಕಟ್ಟಿದವರು, ಕಟ್ಟುವವರು ಎಷ್ಟು ಜನ ಇದ್ದೀರಿ? ಕೈ ಎತ್ತಿ ನೋಡೋಣ. ಅರ್ಧಕ್ಕಿಂತ ಹೆಚ್ಚು. ಹಾಗಾದರೆ ಇದನ್ನೇ ಮೊದಲು ಹೇಳ್ತೇನೆ.

ಬೀಡಿ ಉದ್ಯಮಕ್ಕೆ ಪಿ.ಎಫ್. ಕಾಯ್ದೆ ಅನ್ವಯವಾದದ್ದು 1977ರಲ್ಲಿ. ಆಗ ಬೀಡಿ ಮಾಲೀಕರು ಕೋರ್ಟಿಗೆ ಹೋದರು. “ಈ ಹೆಂಗಸರು ನಮ್ಮ ಕಾರ್ಖಾನೆಯಲ್ಲಿ ಕೆಲಸ ಮಾಡುವುದಿಲ್ಲ, ಅವರವರ ಮನೆಯಲ್ಲಿ ಕೂತು ಕಟ್ಟುತ್ತಾರೆ, ಹೊತ್ತುಗೊತ್ತು ಇಲ್ಲ, ಅವರು ನಮ್ಮ ನೌಕರರೇ ಅಲ್ಲ” ಎಂಬುದು ಅವರ ವಾದ. 1985ರಲ್ಲಿ ಸುಪ್ರೀಂ ಕೋರ್ಟು ಈ ವಾದ ಒಪ್ಪಲಿಲ್ಲ. ಯಾಕೆ ಗೊತ್ತುಂಟಾ? ನೀವು ಕಟ್ಟಿದ ಬೀಡಿಯನ್ನು ಬ್ರಾಂಚಿನಲ್ಲಿ ಕೈಯಲ್ಲಿ ಹಿಡಿದು ನೋಡಿ, ಸರಿ ಇಲ್ಲ ಎಂದು ಆರಿಸಿ ತೆಗೆದುಬಿಡುತ್ತಾರಲ್ಲ, ನಿಮಗೆ ಹೊಟ್ಟೆ ಉರಿಯುತ್ತದಲ್ಲ, ಅದೇ ಕಾರಣಕ್ಕೆ. ಕಳಪೆ ಎಂದು ತಿರಸ್ಕರಿಸುವ ಅಧಿಕಾರ ಮಾಲೀಕನಿಗೆ ಉಂಟು ಅಂದ್ರೆ ಕೆಲಸದ ಮೇಲೆ ಅವನ ಹಿಡಿತ ಉಂಟು, ಹಿಡಿತ ಉಂಟು ಅಂದ್ರೆ ನೀವು ಅವನ ನೌಕರರು ಎಂದು ಕೋರ್ಟು ಹೇಳಿತು. ಮನೆಯ ಜಗಲಿಯಲ್ಲಿ ಕೂತು ಕಟ್ಟಿದ ಬೀಡಿಗೂ ಪಿ.ಎಫ್. ಬಂದದ್ದು ಹೀಗೆ.

1995ರ ನವೆಂಬರ್ 16ರಿಂದ ನೌಕರರ ಪಿಂಚಣಿ ಯೋಜನೆ ಆರಂಭವಾಯಿತು. ಅದರ ಲೆಕ್ಕ ಕೇಳಿ. ಬೀಡಿಯಲ್ಲಿ ನಿಮ್ಮ ಮಜೂರಿಯಿಂದ ಶೇ. 10 ಹಿಡಿಯುತ್ತಾರೆ. ಅದು ಪೂರ್ತಿ ನಿಮ್ಮ ಪಿ.ಎಫ್. ಖಾತೆಗೆ. ಮಾಲೀಕ ಅಷ್ಟೇ ಹಾಕಬೇಕು, ಅದರಲ್ಲಿ ಶೇ. 8.33 ಪಿಂಚಣಿ ನಿಧಿಗೆ ಹೋಗುತ್ತದೆ. ಅಂದರೆ ಪಿ.ಎಫ್. ಬೇರೆ, ಪಿಂಚಣಿ ಬೇರೆ. ಎರಡು ಡಬ್ಬಿ ಇದ್ದ ಹಾಗೆ.

ಪಿಂಚಣಿ ಸಿಗಬೇಕಾದರೆ 10 ವರ್ಷದ ಸೇವೆ ಬೇಕು, 58 ವರ್ಷ ತುಂಬಬೇಕು. ಆರು ತಿಂಗಳು ಅಥವಾ ಹೆಚ್ಚು ಇದ್ದರೆ ಒಂದು ವರ್ಷ ಎಂದು ಲೆಕ್ಕ, ಹಾಗಾಗಿ ಒಂಬತ್ತೂವರೆ ವರ್ಷ ಆದವರೂ ಪಾಸಾಗುತ್ತಾರೆ. ಮೊತ್ತ ಲೆಕ್ಕ ಹಾಕುವುದು ಹೀಗೆ: ಕೊನೆಯ 60 ತಿಂಗಳ ಸರಾಸರಿ ಸಂಬಳವನ್ನು ಸೇವೆಯ ವರ್ಷದಿಂದ ಗುಣಿಸಿ 70ರಿಂದ ಭಾಗಿಸುವುದು. ಸರಾಸರಿ 7,000 ರೂ., ಸೇವೆ 15 ವರ್ಷ ಎಂದಾದರೆ ತಿಂಗಳಿಗೆ 1,500 ರೂ. ಸರಾಸರಿ 3,500, ಸೇವೆ 12 ವರ್ಷ ಆದರೆ ಲೆಕ್ಕದಲ್ಲಿ 600 ಮಾತ್ರ ಬರುತ್ತದೆ. ಆದರೆ 2014ರ ಸೆಪ್ಟೆಂಬರ್‌ನಲ್ಲಿ ಕನಿಷ್ಠ ಪಿಂಚಣಿ 1,000 ರೂ. ಎಂದು ನಿಗದಿಯಾದ ಕಾರಣ 58 ತುಂಬಿ ನಿವೃತ್ತಳಾದವಳಿಗೆ ಸಾವಿರ ಸಿಗಬೇಕು. 50 ತುಂಬಿದ ಮೇಲೆ ಮೊದಲೇ ತೆಗೆದುಕೊಳ್ಳಬಹುದು, ಆದರೆ 58ಕ್ಕೆ ಎಷ್ಟು ವರ್ಷ ಬಾಕಿಯೋ ವರ್ಷಕ್ಕೆ ಶೇ. 4ರಂತೆ ಕಡಿಮೆಯಾಗುತ್ತದೆ. ಆ ಕಡಿತ ಸಾಯುವ ತನಕವೂ ಇರುತ್ತದೆ. ಅವಸರ ಮಾಡುವ ಮೊದಲು ಯೋಚಿಸಿ.

ಸಾವಿರ ರೂಪಾಯಿ ಏನು ಮಹಾ ಎಂದು ನೀವು ಕೇಳಬಹುದು. ಕಡಿಮೆಯೇ, ಒಪ್ಪುತ್ತೇನೆ. ಆದರೆ 15 ವರ್ಷ ಬದುಕಿದವಳಿಗೆ ಅದು 1,80,000 ರೂ.

ಎಲ್ಲಿ ತಪ್ಪುತ್ತದೆ

ನನ್ನ ಹತ್ತಿರ ಬರುವ ಕೇಸುಗಳಲ್ಲಿ ಮೂರು ನಮೂನೆ ಮತ್ತೆ ಮತ್ತೆ ಬರುತ್ತವೆ.

ಒಂದನೆಯದು, ಬುಕ್ಕು ಯಾರ ಹೆಸರಿನಲ್ಲಿ ಎಂಬುದು. ಅತ್ತೆಯ ಬುಕ್ಕಿನಲ್ಲಿ ಸೊಸೆ ಕಟ್ಟುವುದು, ಅಮ್ಮನ ಬುಕ್ಕಿನಲ್ಲಿ ಮೂರು ಹೆಣ್ಣುಮಕ್ಕಳು ಕಟ್ಟುವುದು ನಮ್ಮ ಊರಿನಲ್ಲಿ ಹೊಸತಲ್ಲ. ಒಬ್ಬರು ಅಕ್ಕ ನನ್ನ ಹತ್ತಿರ ಬಂದಿದ್ದರು. ಮದುವೆಯಾಗಿ ಬಂದ ವರ್ಷದಿಂದ ಬೀಡಿ ಕಟ್ಟಿದವರು, ಬೆನ್ನು ಬಾಗಿದೆ. ಆದರೆ ಅತ್ತೆ ತೀರಿಹೋದ ಮೇಲಷ್ಟೇ ಸ್ವಂತ ಬುಕ್ಕು ಆದದ್ದು. 58 ತುಂಬುವಾಗ ದಾಖಲೆಯಲ್ಲಿ ಇದ್ದದ್ದು 8 ವರ್ಷ. “ಮೇಡಂ, ಇಪ್ಪತ್ತೈದು ವರ್ಷ ಕಟ್ಟಿದ್ದೇನೆ, ಊರಿಗೇ ಗೊತ್ತು” ಎಂದರು. ಊರಿಗೆ ಗೊತ್ತು, ಕಾಗದಕ್ಕೆ ಗೊತ್ತಿಲ್ಲ. ಅವರ ಕೈಯಲ್ಲಿ ಆ ಹಳೆಯ ವರ್ಷಗಳ ಒಂದು ಚೀಟಿಯೂ ಇರಲಿಲ್ಲ. ಅವರಿಗೆ ತಿಂಗಳ ಪಿಂಚಣಿ ಕೊಡಿಸಲು ದಾರಿ ಇರಲಿಲ್ಲ, ಒಮ್ಮೆಗೆ ಸಿಗುವ ಸಣ್ಣ ಮೊತ್ತ ಮಾತ್ರ ಸಿಕ್ಕಿತು. ಆದುದರಿಂದ ಹೇಳ್ತೇನೆ, ಇವತ್ತು ಬೀಡಿ ಕಟ್ಟುವ ಸೊಸೆಗೆ ಇವತ್ತೇ ಅವಳ ಹೆಸರಿನಲ್ಲಿ ಬುಕ್ಕು ಮಾಡಿಸಿ. ಅತ್ತೆಯಂದಿರೇ, ಇದು ನಿಮ್ಮ ಜವಾಬ್ದಾರಿ.

ಎರಡನೆಯದು, ಹಣ ಹಿಂತೆಗೆಯುವುದು. ಮಗಳ ಮದುವೆ, ಮನೆ ರಿಪೇರಿ, ಗಂಡನ ಆಸ್ಪತ್ರೆ ಬಿಲ್ಲು. ಯಾರೋ ಒಬ್ಬ ಬ್ರೋಕರ್ ಬಂದು “ಎಲ್ಲ ತೆಗೆಸಿ ಕೊಡ್ತೇನೆ, ಇಲ್ಲಿ ಸಹಿ ಹಾಕಿ” ಅಂತಾನೆ. ನಮೂನೆ 19 ಎಂಬುದು ಪಿ.ಎಫ್. ಹಣಕ್ಕೆ. ಅದನ್ನು ತೆಗೆದರೆ ಪಿಂಚಣಿಯ ವರ್ಷ ಹೋಗುವುದಿಲ್ಲ. ನಮೂನೆ 10-ಸಿ ಎಂಬುದು ಪಿಂಚಣಿಗೆ ಸಂಬಂಧಪಟ್ಟದ್ದು. ಅದರಲ್ಲಿ ಎರಡು ಆಯ್ಕೆ ಉಂಟು. ಹಣ ಹಿಂತೆಗೆಯುವುದು ಒಂದು, ಸೇವೆಯ ವರ್ಷಗಳನ್ನು ಉಳಿಸಿಕೊಳ್ಳುವ ಸ್ಕೀಮ್ ಸರ್ಟಿಫಿಕೇಟ್ ಪಡೆಯುವುದು ಇನ್ನೊಂದು. ಹಣ ಎಂದು ಗೀಟು ಹಾಕಿದರೆ ಏಳು ಎಂಟು ವರ್ಷದ ಸೇವೆ ಅಲ್ಲಿಗೆ ಅಳಿಸಿಹೋಯಿತು. ಮತ್ತೆ ಕೆಲಸಕ್ಕೆ ಸೇರಿದರೆ ಒಂದನೇ ವರ್ಷದಿಂದ ಶುರು. ಸರ್ಟಿಫಿಕೇಟ್ ಪಡೆದವಳು ಮುಂದೆ ಗೇರುಬೀಜ ಕಾರ್ಖಾನೆಗೆ ಸೇರಿದರೂ ಹಳೆಯ ವರ್ಷಗಳು ಜೊತೆಗೆ ಬರುತ್ತವೆ. ಕೆಲವು ಸಾವಿರಕ್ಕಾಗಿ ಜೀವನಪೂರ್ತಿ ಪಿಂಚಣಿ ಕಳಕೊಂಡವರನ್ನು ನಾನು ತುಂಬ ನೋಡಿದ್ದೇನೆ. ಹೀಗೆ ಪಿಂಚಣಿ ಹಣ ತೆಗೆಯುವುದನ್ನು ತಡೆಯಲೆಂದೇ 2025ರ ಅಕ್ಟೋಬರಿನಲ್ಲಿ ಪಿ.ಎಫ್. ಮಂಡಳಿಯು, ಕೆಲಸ ಬಿಟ್ಟ ಮೇಲೆ ಎರಡು ತಿಂಗಳು ಇದ್ದ ಕಾಯುವ ಅವಧಿಯನ್ನು 36 ತಿಂಗಳಿಗೆ ಏರಿಸುವ ತೀರ್ಮಾನ ಮಾಡಿತು.

ಈ ವಿಷಯದಲ್ಲಿ ನಿಮ್ಮ ಸಂಘ ದೊಡ್ಡ ಕೆಲಸ ಮಾಡಬಹುದು. ಸದಸ್ಯೆಗೆ ತುರ್ತು ಹಣ ಬೇಕಾದಾಗ ಸಂಘದ ಆಂತರಿಕ ಸಾಲ ಸಿಕ್ಕಿದರೆ ಅವಳು ಪಿಂಚಣಿಗೆ ಕೈ ಹಾಕುವುದಿಲ್ಲ. ಸಾಲ ಕಂತಿನಲ್ಲಿ ತೀರುತ್ತದೆ. ಹೋದ ಸೇವೆಯ ವರ್ಷ ತಿರುಗಿ ಬರುವುದಿಲ್ಲ.

ಮೂರನೆಯದು, ಹೆಸರು ಮತ್ತು ಹುಟ್ಟಿದ ದಿನ. ಬುಕ್ಕಿನಲ್ಲಿ ಕಮಲ, ಆಧಾರ್‌ನಲ್ಲಿ ಕಮಲಾಕ್ಷಿ. ಒಂದು ಕಡೆ ತಂದೆಯ ಹೆಸರು, ಇನ್ನೊಂದು ಕಡೆ ಗಂಡನ ಹೆಸರು. ಡಿಸೋಜ ಎಂಬ ಒಂದು ಹೆಸರನ್ನು ಇಂಗ್ಲಿಷಿನಲ್ಲಿ ಮೂರು ಕಾಗದದಲ್ಲಿ ಮೂರು ತರ ಬರೆದಿರುತ್ತಾರೆ. ಹುಟ್ಟಿದ ದಿನವಂತೂ ಗುಮಾಸ್ತ ಮುಖ ನೋಡಿ ಬರೆದದ್ದು. ಕಂಪ್ಯೂಟರಿಗೆ ಕಮಲಕ್ಕನೂ ಕಮಲಾಕ್ಷಿಯೂ ಬೇರೆ ಬೇರೆ ಹೆಂಗಸರು. ಇದನ್ನು ಸರಿಪಡಿಸಲು ನೌಕರಳು ಮತ್ತು ಮಾಲೀಕ ಸೇರಿ ಕೊಡುವ ಜಂಟಿ ಘೋಷಣೆಯ ಅರ್ಜಿ ಉಂಟು. ಕಂಪೆನಿ ಮುಚ್ಚಿದ್ದರೆ ಗಜೆಟೆಡ್ ಅಧಿಕಾರಿಯಂಥವರ ದೃಢೀಕರಣದ ಜೊತೆ ಕೊಡಬಹುದು. 57ನೇ ವರ್ಷದಲ್ಲಿ ಓಡಾಡುವ ಬದಲು 40ನೇ ವರ್ಷದಲ್ಲೇ ಮಾಡಿಸಿದರೆ ಮಾಲೀಕನೂ ಇರುತ್ತಾನೆ, ನಿಮ್ಮ ಕಾಲಲ್ಲಿ ಶಕ್ತಿಯೂ ಇರುತ್ತದೆ.

ಮಾಲೀಕ ಹಣ ಕಟ್ಟದಿದ್ದರೆ

ಸಂಬಳದಿಂದ ಹಿಡಿಯುತ್ತಾನೆ, ಕಚೇರಿಗೆ ಕಟ್ಟುವುದಿಲ್ಲ. ಇದೂ ನಡೆಯುತ್ತದೆ. ಒಂದು ಸಣ್ಣ ಕಾರ್ಖಾನೆಯ ಹೆಂಗಸರು ಹೀಗೆಯೇ ಬಂದಿದ್ದರು. ಅವರಲ್ಲಿ ಒಬ್ಬಳು ಜಾಣೆ. ಎಲ್ಲ ಸಂಬಳದ ಚೀಟಿ, ಬೋನಸ್ ಚೀಟಿಗಳನ್ನು ಬಿಸ್ಕಿಟ್ ಡಬ್ಬಿಯಲ್ಲಿ ಹಾಕಿ ಅಟ್ಟದಲ್ಲಿ ಇಟ್ಟಿದ್ದಳು. ಆ ಡಬ್ಬಿಯೇ ಸಾಕ್ಷಿಯಾಯಿತು. ಪಿ.ಎಫ್. ಕಾಯ್ದೆಯ 7ಎ ಕಲಮಿನ ಪ್ರಕಾರ ಪಿ.ಎಫ್. ಆಯುಕ್ತರು ವಿಚಾರಣೆ ಮಾಡಿ ಮಾಲೀಕನ ಬಾಕಿ ಎಷ್ಟು ಎಂದು ನಿರ್ಧರಿಸಬಹುದು. ಸಾಕ್ಷಿ ಕರೆಸುವ, ಪುಸ್ತಕ ತರಿಸುವ ವಿಷಯದಲ್ಲಿ ಅವರಿಗೆ ಕೋರ್ಟಿನ ಅಧಿಕಾರವೇ ಉಂಟು. ಇಲ್ಲಿಯೂ ಹಾಗೆ ವಿಚಾರಣೆ ನಡೆದು ಬಾಕಿ ಕಟ್ಟಿಸಿದರು. ಡಬ್ಬಿ ಇಟ್ಟವಳಿಗೆ ಮಾತ್ರವಲ್ಲ, ಜೊತೆಗೆ ಕೆಲಸ ಮಾಡಿದ ಎಲ್ಲರಿಗೂ ಪ್ರಯೋಜನ ಆಯಿತು.

ಇಲ್ಲಿ ಒಂದು ಎಚ್ಚರಿಕೆ. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆಯೂ ಸೇರಿ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದರು. ಹಳೆಯ ಕಾಯ್ದೆಗಳ ಹೆಸರು, ಕಲಮು ಬದಲಾಗುವ ಕಾಲ ಇದು. ಹೊಸ ಸಂಹಿತೆಯಲ್ಲಿ ಇಂಥ ವಿಚಾರಣೆ ಆರಂಭಿಸಲು ಐದು ವರ್ಷದ ಮಿತಿ ಉಂಟು. ಆದುದರಿಂದ ಮಾಲೀಕ ಕಟ್ಟುತ್ತಿಲ್ಲ ಎಂಬ ಸಂಶಯ ಬಂದ ಕೂಡಲೇ ದೂರು ಕೊಡಿ. ನಿವೃತ್ತಿಯ ತನಕ ಕಾಯಬೇಡಿ.

ಗಂಡನ ಪಿಂಚಣಿ, ಹೆಂಡತಿಯ ಹಕ್ಕು

ಈ ಪಿ.ಎಫ್. ಪಿಂಚಣಿಯಲ್ಲಿ ದುಡಿಯುತ್ತಿರುವಾಗಲೇ ಗಂಡ ತೀರಿಹೋದರೆ 10 ವರ್ಷದ ಸೇವೆ ಬೇಕಿಲ್ಲ. ಒಂದು ತಿಂಗಳ ವಂತಿಗೆ ಪಿಂಚಣಿ ನಿಧಿಗೆ ಹೋಗಿದ್ದರೂ ಹೆಂಡತಿಗೆ ವಿಧವಾ ಪಿಂಚಣಿ ಉಂಟು. ಏಕಕಾಲಕ್ಕೆ ಇಬ್ಬರು ಮಕ್ಕಳಿಗೆ, 25 ವರ್ಷ ತುಂಬುವ ತನಕ, ವಿಧವಾ ಪಿಂಚಣಿಯ ಶೇ. 25ರಂತೆ ಬೇರೆಯೇ ಉಂಟು. ಅರ್ಜಿಯ ನಮೂನೆ 10-ಡಿ. ಗಂಡ ಎರಡು ವರ್ಷ ಮಾತ್ರ ಕೆಲಸ ಮಾಡಿದ್ದು, ಏನೂ ಸಿಗಲಿಕ್ಕಿಲ್ಲ ಎಂದು ಮನೆಯಲ್ಲೇ ಕೂತ ವಿಧವೆಯರು ಎಷ್ಟೋ ಮಂದಿ. ನಿಮ್ಮ ನೆರೆಕರೆಯಲ್ಲಿ ಅಂಥವರು ಇದ್ದರೆ ದಯವಿಟ್ಟು ತಿಳಿಸಿ.

ಇನ್ನು ಸರಕಾರಿ ನೌಕರರ ಕುಟುಂಬ ಪಿಂಚಣಿ. ಗಂಡನೊಂದಿಗೆ ಸರಿ ಇರಲಿಲ್ಲ, ಬೇರೆ ವಾಸವಾಗಿದ್ದೆವು, ಅವರು ಎಲ್ಲವನ್ನೂ ತಮ್ಮನ ಹೆಸರಿಗೆ ಬರೆದಿಟ್ಟು ಹೋದರು, ಇನ್ನು ನನಗೇನಿದೆ ಎಂದು ಅಳುತ್ತಾ ಬರುವವರು ಉಂಟು. ಇಂಥದ್ದೇ ಒಂದು ಕೇಸು 1991ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಗಿದೆ. ರೈಲ್ವೆ ನೌಕರರೊಬ್ಬರ ಉಯಿಲು ಹಿಡಕೊಂಡು ಅವರ ತಮ್ಮ ಬಂದಿದ್ದ. ಕುಟುಂಬ ಪಿಂಚಣಿ ಸತ್ತವನ ಆಸ್ತಿಯ ಭಾಗ ಅಲ್ಲ, ಅದನ್ನು ಉಯಿಲಿನಲ್ಲಿ ಬೇರೆಯವರಿಗೆ ಬರೆಯಲು ಬರುವುದಿಲ್ಲ, ಅದು ನಿಯಮದ ಪ್ರಕಾರ ಹೆಂಡತಿ ಮಕ್ಕಳಿಗೇ ಸೇರಬೇಕು ಎಂದು ಕೋರ್ಟು ಹೇಳಿತು. ವಿಚ್ಛೇದನ ಆಗದೆ ಬೇರೆ ಇದ್ದ ಮಾತ್ರಕ್ಕೆ ಹೆಂಡತಿ ಹೆಂಡತಿಯೇ.

ಎರಡನೇ ಮದುವೆಯ ಕೇಸು ಇನ್ನೂ ಕಷ್ಟದ್ದು. ಮೊದಲ ಹೆಂಡತಿ ಇರುವಾಗಲೇ ಆದ ಎರಡನೇ ಮದುವೆಗೆ ಕಾನೂನಿನ ಮಾನ್ಯತೆ ಇಲ್ಲದಿದ್ದಲ್ಲಿ ಆಕೆಗೆ ಕುಟುಂಬ ಪಿಂಚಣಿ ಇಲ್ಲ, ಆದರೆ ಆಕೆಯ ಮಕ್ಕಳಿಗೆ ಪಾಲು ಉಂಟು ಎಂದು 2000ದಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ನನ್ನ ಎದುರು ಕೆಲವೊಮ್ಮೆ ಇಬ್ಬರು ಹೆಂಗಸರೂ ಕೂತಿರುತ್ತಾರೆ. ಇಬ್ಬರಿಗೂ ಮೋಸ ಮಾಡಿದವನು ಮೇಲೆ ಹೋಗಿ ಆಗಿದೆ. ಅವರು ಒಬ್ಬರನ್ನೊಬ್ಬರು ಬಯ್ಯುವುದನ್ನು ನಿಲ್ಲಿಸಿ ಮಕ್ಕಳ ಲೆಕ್ಕಕ್ಕೆ ಬಂದರೆ ಕೇಸು ಬೇಗ ಮುಗಿಯುತ್ತದೆ.

ನಾಡಕಚೇರಿಯ ಪಿಂಚಣಿ

ವಿಧವಾ ವೇತನ, ವೃದ್ಧಾಪ್ಯ ವೇತನ, ಸಂಧ್ಯಾ ಸುರಕ್ಷಾ, ಮನಸ್ವಿನಿ, ಅಂಗವಿಕಲ ವೇತನ ಇವೆಲ್ಲ ಕಂದಾಯ ಇಲಾಖೆಯ ಮೂಲಕ ಬರುವವು. ಅರ್ಜಿ ನಾಡಕಚೇರಿಯಲ್ಲಿ. ಅರ್ಜಿ ಕೊಟ್ಟಾಗ ಸಕಾಲದ 15 ಅಂಕಿಯ ನಂಬ್ರ ಇರುವ ಚೀಟಿ ಕೇಳಿ ಪಡೆಯಿರಿ. ಸಕಾಲ ಕಾಯ್ದೆ 2011ರದ್ದು. ಇಂತಿಷ್ಟು ದಿನದಲ್ಲಿ ಉತ್ತರ ಕೊಡಲೇಬೇಕು.

ಬರುತ್ತಿದ್ದ ಹಣ ಒಮ್ಮೆಲೇ ನಿಂತರೆ “ಬರ್ತದೆ ಅಮ್ಮ, ಮುಂದಿನ ತಿಂಗಳು ನೋಡುವ” ಎಂಬ ಮಾತಿಗೆ ತಿರುಗಿ ಬರಬೇಡಿ. ಯಾಕೆ ನಿಂತಿತು ಎಂದು ಬರವಣಿಗೆಯಲ್ಲಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂ., ಬಿ.ಪಿ.ಎಲ್. ಕಾರ್ಡಿನವರಿಗೆ ಅದೂ ಇಲ್ಲ, 30 ದಿನದಲ್ಲಿ ಉತ್ತರ ಬರಬೇಕು. ಹೆಚ್ಚಿನ ಕೇಸುಗಳಲ್ಲಿ ಕಾರಣ ಆಧಾರ್ ಜೋಡಣೆಯೋ ಬ್ಯಾಂಕ್ ಖಾತೆಯೋ ಆಗಿರುತ್ತದೆ. ಅದಕ್ಕೆ ವಕೀಲರೇ ಬೇಡ.

ಜೀವಂತ ಪ್ರಮಾಣಪತ್ರದ ಬಗ್ಗೆಯೂ ಹೇಳಬೇಕು. ಪಿ.ಎಫ್. ಪಿಂಚಣಿದಾರರು ಅದನ್ನು ವರ್ಷಕ್ಕೊಮ್ಮೆ ಕೊಡಬೇಕು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ಎಲೆ ಕತ್ತರಿಸಿ, ಬೀಡಿ ಸುತ್ತಿ, ಗೇರುಬೀಜ ಸುಲಿದು ಬೆರಳಿನ ಗೆರೆ ಸವೆದವರಿಗೆ ಯಂತ್ರ ಬೆರಳು ಹಿಡಿಯುವುದಿಲ್ಲ. ಅಂಥವರಿಗೆ ಮೊಬೈಲಿನಲ್ಲಿ ಮುಖ ತೋರಿಸಿ ಮಾಡುವ ವ್ಯವಸ್ಥೆ ಬಂದಿದೆ. ಸಂಘದಲ್ಲಿ ಮೊಬೈಲ್ ತಿಳಿದ ಒಬ್ಬಳು ಹುಡುಗಿ ಕಲಿತರೆ ಇಡೀ ಊರಿನ ಅಜ್ಜಿಯರಿಗೆ ಮಾಡಿಕೊಡಬಹುದು.

ನ್ಯಾಯ ಕೇಳುವ ಮೆಟ್ಟಿಲುಗಳು

ಮೊದಲ ಮೆಟ್ಟಿಲು ಲಿಖಿತ ಅರ್ಜಿ ಮತ್ತು ಸ್ವೀಕೃತಿ. ಸರಿಯಾದ ಪಿಂಚಣಿ ಅರ್ಜಿಯನ್ನು 20 ದಿನದಲ್ಲಿ ತೀರ್ಮಾನಿಸಬೇಕೆಂದು ಪಿ.ಎಫ್. ಯೋಜನೆಯಲ್ಲೇ ಉಂಟು. 2023ರ ಜನವರಿಯಿಂದ ಪಿ.ಎಫ್. ಕಚೇರಿಯವರು ಜಿಲ್ಲೆಗಳಲ್ಲಿ ತಿಂಗಳ 27ರಂದು ಅಹವಾಲು ಕೇಳುವ ಶಿಬಿರ ನಡೆಸುತ್ತಾ ಬಂದಿದ್ದಾರೆ, ಅಲ್ಲಿಗೆ ಹೋಗಿ.

ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಪಿ.ಎಫ್. ಸದಸ್ಯರು ಗ್ರಾಹಕರೇ ಎಂದು ಸುಪ್ರೀಂ ಕೋರ್ಟು 1999ರಲ್ಲಿ ಹೇಳಿದೆ, ಪಿಂಚಣಿ ಯೋಜನೆಗೂ ಅದು ಅನ್ವಯ ಎಂದು 2008ರಲ್ಲಿ ಹೇಳಿದೆ. ಎರಡು ವರ್ಷದ ಒಳಗೆ ದೂರು ಕೊಡಬೇಕು. ರಾಜ್ಯ ಸರಕಾರಿ ನೌಕರರದ್ದಾದರೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ. ಕೊನೆಗೆ ಹೈಕೋರ್ಟು.

ತಡವಾಯಿತು, ಇನ್ನು ಹೋಗಿ ಏನು ಪ್ರಯೋಜನ ಎನ್ನುವವರಿಗೆ ಒಂದು ಮಾತು. ಪಿಂಚಣಿ ತಿಂಗಳು ತಿಂಗಳು ಸಿಗಬೇಕಾದದ್ದು, ಸಿಗದ ಪ್ರತಿ ತಿಂಗಳೂ ಹೊಸ ಅನ್ಯಾಯ. ಹಾಗಾಗಿ ತಡವಾದರೂ ಕೇಳಬಹುದು. ಆದರೆ ಹಿಂದಿನ ಬಾಕಿ ಸಾಮಾನ್ಯವಾಗಿ ಕೇಸು ಹಾಕುವ ಮೊದಲಿನ ಮೂರು ವರ್ಷಕ್ಕೆ ಮಾತ್ರ ಸಿಗುತ್ತದೆ ಎಂದು 2008ರ ಒಂದು ತೀರ್ಪು ಹೇಳುತ್ತದೆ. ಅಂದರೆ ತಡ ಮಾಡಿದಷ್ಟು ನಷ್ಟ ನಿಮ್ಮದೇ.

ಖರ್ಚಿನ ಹೆದರಿಕೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣಾದವಳಿಗೆ, ಅವಳ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಉಂಟು. ಜಿಲ್ಲಾ ಕೋರ್ಟಿನ ಆವರಣದಲ್ಲೇ ಅದರ ಕಚೇರಿ, ತಾಲೂಕಿನಲ್ಲಿ ಸಮಿತಿ. ಫೋನು ಮಾಡಲು 15100. ಇನ್ನೊಂದು ಗುಟ್ಟು ಹೇಳ್ತೇನೆ. ಬಂದ ಪಿಂಚಣಿ ಹಣದಲ್ಲಿ ನೂರಕ್ಕೆ ಇಷ್ಟು ಪಾಲು ಕೊಡಿ ಎಂದು ವಕೀಲರು ಕೇಳುವಂತಿಲ್ಲ. ವಕೀಲರ ಪರಿಷತ್ತಿನ ನಿಯಮವೇ ಅದನ್ನು ನಿಷೇಧಿಸಿದೆ. ಬ್ರೋಕರ್ ಕೇಳಿದರೆ ಅವನನ್ನು ಅಂಗಳದಿಂದಲೇ ಕಳಿಸಿ.

ಈ ತಿಂಗಳ ಸಭೆಯಲ್ಲಿ ಮಾಡಬೇಕಾದದ್ದು

ಬರೆದುಕೊಳ್ಳಿ, ಅಥವಾ ಕಾರ್ಯದರ್ಶಿ ನಿರ್ಣಯ ಪುಸ್ತಕದಲ್ಲೇ ಬರೆಯಲಿ.

1. ಪಿ.ಎಫ್. ಇರುವ ಸದಸ್ಯೆಯರ ಪಟ್ಟಿ ಮಾಡಿ. ಅವರ ನಂಬ್ರ, ಸೇರಿದ ವರ್ಷ, ಎಷ್ಟು ಸೇವೆ ಆಯಿತು ಎಂದು ಬರೆಯಿರಿ.

2. ಹೆಸರು, ಹುಟ್ಟಿದ ದಿನ ಎಲ್ಲ ಕಾಗದದಲ್ಲಿ ಒಂದೇ ಉಂಟಾ ಎಂದು ಒಬ್ಬರದ್ದನ್ನು ಇನ್ನೊಬ್ಬರು ನೋಡಿ.

3. ಎರಡು ಪಿ.ಎಫ್. ನಂಬ್ರ ಇದ್ದವರು ಒಟ್ಟು ಸೇರಿಸಲು ಅರ್ಜಿ ಕೊಡಿ.

4. ಪ್ರತಿಯೊಬ್ಬರೂ ಒಂದು ಡಬ್ಬಿ ಮಾಡಿ. ಸಂಬಳದ ಚೀಟಿ, ಬುಕ್ಕು, ಸ್ವೀಕೃತಿ, ಗಂಡನ ಕೆಲಸದ ಕಾಗದ, ಮದುವೆಯ ದಾಖಲೆ ಅದರಲ್ಲಿರಲಿ. ಗೆದ್ದಲು ತಿನ್ನದ ಹಾಗೆ ನೋಡಿಕೊಳ್ಳಿ.

5. ಹಣ ಹಿಂತೆಗೆಯುವ ಯಾವ ಕಾಗದಕ್ಕೂ ಸಂಘದಲ್ಲಿ ಕೇಳದೆ ಸಹಿ ಹಾಕುವುದಿಲ್ಲ ಎಂದು ನಿರ್ಣಯ ಮಾಡಿ.

ವಾರಕ್ಕೆ ಹತ್ತು ಇಪ್ಪತ್ತು ರೂಪಾಯಿ ಕೂಡಿಸಿ ಲೆಕ್ಕ ತಪ್ಪದೆ ಬರೆಯುವುದನ್ನು ನೀವು ಆಗಲೇ ಕಲಿತಿದ್ದೀರಿ. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುತ್ತಿದ್ದವರು ಇವತ್ತು ಮ್ಯಾನೇಜರ್ ಎದುರು ಕೂತು ಮಾತಾಡುತ್ತೀರಿ. ಪಿಂಚಣಿಯ ಲೆಕ್ಕ ಅದಕ್ಕಿಂತ ಕಷ್ಟದ್ದೇನೂ ಅಲ್ಲ. ನಿಮ್ಮ ಪ್ರಶ್ನೆಗಳಿದ್ದರೆ ಈಗ ಕೇಳಿ, ಕಾಗದ ತಂದವರದ್ದನ್ನು ಊಟದ ನಂತರ ಒಬ್ಬೊಬ್ಬರದ್ದೇ ನೋಡ್ತೇನೆ.